ಹಿಮ ಕಚ್ಚಿದ ಬೆರಳು, ಹಣ್ಣಾದ ಹುಳು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಆಗಷ್ಟೇ ಗಡಿಯಾರ ನೋಡಿ ಹಿಂದಿದ್ದವನಿಗೆ ಅದನ್ನು ಕೂಗಿ ಹೇಳಿದ್ದೆ. ಕೈಯಲ್ಲಿದ್ದ ಬಾವುಟ ಇಳಿಸಿ ಮುಂದಿನ ಬಿದಿರು ಕೋಲಿನ ಕಡೆಗೆ ಹೆಜ್ಜೆ ಹಾಕಿದೆ. ಬೆನ್ನ ಹಿಂದೆ, ನನ್ನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಗಟ್ಟಿ ಹಿಮದ ಮೇಲೆ ಸರಸರನೆ ಸರಿದ ಸದ್ದು ಕೇಳಿಸಿತು. ಆಮೇಲೆ ನನ್ನ ಕಾಲ ಕೆಳಗೆ ಏನೂ ಇರಲಿಲ್ಲ.

ಮೊದಲು ಸದ್ದು, ಆಮೇಲೆ ಬಿದ್ದದ್ದು. ಈ ಕ್ರಮವನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿ ನೋಡಿದ್ದೇನೆ. ಬಿದ್ದವನ ಭಾರಕ್ಕೆ ಹಗ್ಗ ಸರಿಯುವುದು ಸಹಜ. ಬೀಳುವ ಮುಂಚೆಯೇ ಸರಿಯಬೇಕಾದರೆ, ಅದನ್ನು ಬಿಗಿಯಾಗಿ ಹಿಡಿದಿರಬೇಕಾದವನು ಬಿಟ್ಟಿರಬೇಕು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಂಗಳೂರಿನಲ್ಲಿ ಭೂವಿಜ್ಞಾನ ಓದಿ ಮುಗಿಸಿದ್ದ ನಾನು, ಹಿಮಾಲಯದ ಹಿಮನದಿಯೊಂದನ್ನು ಅಳೆಯಲು ಹೊರಟ ಸಣ್ಣ ತಂಡಕ್ಕೆ ಸಹಾಯಕನಾಗಿ ಸೇರಿಕೊಂಡಿದ್ದೆ. ಅಲ್ಲಿಯವರೆಗೆ ನಾನು ಹತ್ತಿದ್ದ ಎತ್ತರವೆಂದರೆ ಚಿಕ್ಕಬಳ್ಳಾಪುರದ ಸುತ್ತಲ ಬೆಟ್ಟಗಳು. ಆ ಕಲ್ಲು ಕೋಟಿಗಟ್ಟಲೆ ವರ್ಷಗಳಿಂದ ಕದಲದೆ ಕೂತಿದೆ ಎಂದು ಓದಿಕೊಂಡವನಿಗೆ, ದಿನವೂ ಕದಲುವ ನೆಲವೊಂದನ್ನು ನೋಡುವ ಆಸೆ. ಹಿಮನದಿ ನಿಂತಂತೆ ಕಾಣುತ್ತದೆ, ಆದರೆ ನಡೆಯುತ್ತಿರುತ್ತದೆ. ನಾವು ಈ ದಡದಿಂದ ಆ ದಡಕ್ಕೆ ಮಂಜುಗಡ್ಡೆಯನ್ನು ಕೊರೆದು ಬಿದಿರು ಕೋಲುಗಳನ್ನು ನೇರ ಸಾಲಾಗಿ ನೆಟ್ಟಿದ್ದೆವು. ದಡದ ಬಂಡೆಯ ಮೇಲೆ ಕೋನ ಅಳೆಯುವ ದುರ್ಬೀನು ಥಿಯೋಡೊಲೈಟ್ ಇಟ್ಟುಕೊಂಡು ಕೂತ ಮುಖ್ಯಸ್ಥರು, ನಾನು ಒಂದೊಂದು ಕೋಲಿನ ಪಕ್ಕ ಬಾವುಟ ಎತ್ತಿದಾಗ ಅದರ ಜಾಗ ಗುರುತಿಸುತ್ತಿದ್ದರು. ಕೆಲವು ವಾರಗಳಲ್ಲಿ ನೇರ ಸಾಲು ಬಿಲ್ಲಿನಂತೆ ಬಾಗಿತ್ತು. ನಡುವಿನ ಕೋಲುಗಳು ಮುಂದೆ ಹೋಗಿದ್ದವು, ದಡದ ಕೋಲುಗಳು ಹಿಂದೆ ಉಳಿದಿದ್ದವು. ಅದನ್ನು ಮೊದಲ ಸಲ ಕಂಡ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಹಗ್ಗದ ಇನ್ನೊಂದು ತುದಿಯಲ್ಲಿದ್ದವನು ನನ್ನ ವಯಸ್ಸಿನವನೇ ಆದ ಉತ್ತರದ ಕಡೆಯ ಸರ್ವೇಯರ್. ಒಳ್ಳೆಯವನು. ಅವನಿಗೊಂದು ಅಭ್ಯಾಸವಿತ್ತು. ಉಸಿರಿನ ಆವಿಯಿಂದ ಕಪ್ಪು ಕನ್ನಡಕ ಮಸುಕಾಯಿತೆಂದರೆ ನಿಂತಲ್ಲೇ ತೆಗೆದು ಎರಡೂ ಕೈಯಿಂದ ಒರೆಸಿಕೊಳ್ಳುತ್ತಿದ್ದ. ಅವತ್ತು ಹತ್ತು ಇಪ್ಪತ್ತಕ್ಕೆ ಅವನ ಕೈಯಲ್ಲಿ ಇದ್ದದ್ದು ಹಗ್ಗವೋ ಕನ್ನಡಕವೋ, ನನ್ನ ಬೆನ್ನಿಗೆ ಕಣ್ಣಿರಲಿಲ್ಲ.

ಹೊಸ ಹಿಮ ಮುಚ್ಚಿದ್ದ ಬಿರುಕೊಂದರೊಳಗೆ ನಾನು ಬಿದ್ದಿದ್ದೆ. ಎಡಗಾಲು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿತು. ಬೂಟಿನೊಳಗೆ ಕರಗಿದ ನೀರು ತುಂಬಿತು. ಎಡಗೈಯ ಗವಸು ಕೆಳಗಿನ ನೀಲಿಯೊಳಗೆ ಬಿದ್ದು ಹೋಯಿತು. ಬಿದ್ದ ಸದ್ದು ಕೇಳಿಸಲೇ ಇಲ್ಲ. ದಡದಲ್ಲಿದ್ದವರು ಹೆಜ್ಜೆ ಹೆಜ್ಜೆಗೂ ಕೋಲಿನಿಂದ ಕುಕ್ಕಿ ನೋಡಿಕೊಂಡು ಬರಬೇಕಾಗಿದ್ದರಿಂದ, ನನ್ನನ್ನು ಮೇಲೆತ್ತುವ ಹೊತ್ತಿಗೆ ಹಿಮದ ಮೇಲಿನ ಬಿಸಿಲು ಹೋಗಿತ್ತು.

ಡೇರೆಯಲ್ಲಿ ಸರ್ವೇಯರ್ ತನ್ನ ಎರಡು ಅಂಗೈ ತೋರಿಸಿದ. ಚರ್ಮ ಕಿತ್ತು ಹೋಗಿತ್ತು. "ಬಿಟ್ಟವನ ಕೈ ಹೀಗಿರುತ್ತದೆಯೇ?" ಎಂದರು ಮುಖ್ಯಸ್ಥರು. ಇಲ್ಲವೆಂದು ತಲೆಯಾಡಿಸಿದೆ. ಮೊದಲಿನಿಂದ ಗಟ್ಟಿಯಾಗಿ ಹಿಡಿದಿದ್ದರೆ ಹಗ್ಗ ಕೈಯಲ್ಲಿ ಓಡುತ್ತಲೇ ಇರಲಿಲ್ಲ, ಚರ್ಮವೂ ಕೀಳುತ್ತಿರಲಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಎಡಗಾಲಿನ ಮೂರು ಬೆರಳು, ಎಡಗೈಯ ಎರಡು ಬೆರಳಿನ ತುದಿ ಮೊದಲು ಬಿಳಿಚಿ, ಆಮೇಲೆ ಗುಳ್ಳೆಯೆದ್ದು, ಕೊನೆಗೆ ಇದ್ದಲಿನಂತೆ ಕಪ್ಪಾದವು. ಬೆಟ್ಟದ ಬುಡದ ಆಸ್ಪತ್ರೆಯ ವೈದ್ಯರು ಕತ್ತರಿಸಲಿಲ್ಲ. "ಒಣಗಲಿ. ಒಳಗೆ ಜೀವ ಇದ್ದರೆ ಮೇಲಿನದು ತಾನೇ ಬಿಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಆಮೇಲೆ ನೋಡೋಣ" ಎಂದು ಮುಲಾಮು ಕೊಟ್ಟು ಕಳಿಸಿದರು. ರೈಲು ಬದಲಿಸಿ ಬದಲಿಸಿ, ಕೊನೆಗೆ ಶಿಡ್ಲಘಟ್ಟದಲ್ಲಿ ಸಣ್ಣ ರೈಲಿನಿಂದ ಇಳಿದು ಬಸ್ಸು ಹಿಡಿದು ಜಂಗಮಕೋಟೆಯ ನಮ್ಮ ಮನೆ ಸೇರಿದೆ.

ಮನೆಯಲ್ಲಿ ಹುಳು ಎರಡನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ರೇಷ್ಮೆಹುಳು ಮೇವು ಬಿಟ್ಟು ತಲೆಯೆತ್ತಿ ಅಲುಗಾಡದೆ ನಿಲ್ಲುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆ ಹಗಲಿರುಳು ಮೇಯ್ದು ಹುಳು ಹಣ್ಣಾಗುತ್ತದೆ. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಅವತ್ತೊಂದು ದಿನದಲ್ಲಿ ಸಾವಿರಾರು ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಂಕಿ ಎಂಬ ಬಿದಿರು ತಟ್ಟಿಗೆ ಬಿಡಬೇಕು. ತಡವಾದರೆ ಮೇವು ಹಾಕುವ ಬಿದಿರು ತಟ್ಟೆಯಲ್ಲೇ ಅಲೆದು ನೂಲು ಚೆಲ್ಲಿ ಹಾಳಾಗುತ್ತವೆ. ಮನೆಯವರ ಕೈ ಸಾಲದು. ಕೂಲಿಗೆ ಕರೆಯುವ ರೂಢಿಯೂ ಇರಲಿಲ್ಲ. ಬೀದಿಯ ಹೆಂಗಸರೆಲ್ಲ ಬಂದು ಕೂರುತ್ತಿದ್ದರು. ಇವತ್ತು ನಮ್ಮ ಮನೆಗೆ ಅವರು, ನಾಳೆ ಅವರ ಮನೆಗೆ ನಾವು. ಆ ಬೆಳೆ ಪೂರ್ತಿ ಅಮ್ಮನದು. ಮರಿಹುಳು ಸಾಕುವ ಚಾಕಿಯಿಂದ ಹಿಡಿದು ಸೊಪ್ಪು ಹೆಚ್ಚುವ ತನಕ ಅವಳ ಕೈಯದೇ.

ಅಮ್ಮ ನನ್ನ ಕಾಲು ನೋಡಿದಳು.

"ಚಳಿಗಮ್ಮ. ಹಿಮದಲ್ಲಿ ಸಿಕ್ಕಾಕ್ಕೊಂಡಿತ್ತು" ಎಂದೆ.

"ಹೂಂ" ಎಂದಳು. "ಜಗಲಿ ಮೇಲೆ ಮಲಕ್ಕೋಪ್ಪ. ನಿನ್ನ ಮುಲಾಮಿನ ವಾಸ್ನೆಗೆ ಹುಳ ಕೆಡ್ತವೆ."

ಹುಳುವಿಗೆ ವಾಸನೆ ಆಗದು ಎನ್ನುವುದು ನಿಜ. ಅದಕ್ಕೆಂದೇ ಅಪ್ಪ ಬೀಡಿ ಸೇದಲು ಬೀದಿಯ ಕೊನೆಯ ತನಕ ಹೋಗುತ್ತಿದ್ದರು. ಆದರೆ ಮುದ್ದೆ ಬಂದದ್ದು ಅಲ್ಯೂಮಿನಿಯಂ ತಟ್ಟೆಯಲ್ಲಿ, ನೀರು ಬೇರೆ ಲೋಟದಲ್ಲಿ. ಕೇಳಿದರೆ, "ಕಂಚಿನ ತಟ್ಟೆ ಭಾರ ಅಲ್ವಾ, ನಿನ್ನ ಕೈ ನೋಯ್ತದೆ" ಎಂದಳು. ಊಟವಾದ ಮೇಲೆ ಆ ತಟ್ಟೆಯನ್ನು ಬಾವಿಯ ಹತ್ತಿರವೇ ಬೂದಿ ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು. ಬೇರೆ ತಟ್ಟೆಗಳು ಒಳಗೆ ಹೋದವು. ನಾನು ಅದನ್ನು ನೋಡುವುದನ್ನು ಅವಳೂ ನೋಡಿದಳು.

ಅಪ್ಪನದು ಬೇರೆ ತಕರಾರು. "ನದಿ ಹರಿಯೋದು ನೋಡಕ್ಕೆ ಅಷ್ಟು ದೂರ ಹೋಗ್ಬೇಕಾಗಿತ್ತಾ? ನಮ್ಮ ಕೆರೆ ಕೋಡಿ ಬಿದ್ದಾಗ ಬಂದು ನೋಡಿದ್ರೆ ಆಗ್ತಿರಲಿಲ್ವಾ?"

"ಅದು ದಿನಕ್ಕೆ ಗೇಣುದ್ದ ನಡೆಯೋ ನದಿ ಅಪ್ಪ."

"ಗೇಣುದ್ದ ನಡೆಯೋದರ ಕೈಗೆ ಸಿಕ್ಕಾಕ್ಕೊಂಡೆಯಲ್ಲೋ, ಓಡಕ್ಕಾಗಲಿಲ್ವಾ!"

ಮೂರನೇ ದಿನವೋ ನಾಲ್ಕನೇ ದಿನವೋ ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಬಂದರು. ನಮ್ಮ ಬೀದಿಯಲ್ಲಿ ಯಾರ ಮನೆಯ ಹುಳು ಹಣ್ಣಾದರೂ ಮೊದಲ ಕರೆ ಅವರಿಗೇ. ಅವರು ಎದ್ದರೆ ಉಳಿದ ಹೆಂಗಸರು ಏಳುತ್ತಿದ್ದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕೋಪ ಬಂದರೆ ಎರಡೂ. ಕೈಯಲ್ಲೊಂದು ಜಾಲಿ ಮುಳ್ಳಿತ್ತು.

"ಏಮಿ ನಾಯನಾ, ಕಾಲು ಚಾಚು ನೋಡಣ."

ಚಾಚಿದೆ.

"ಆ ಕಡೆ ತಿರುಕ್ಕೋ. ಹುಣಸೆ ಮರದಲ್ಲಿ ಎಷ್ಟು ಕೊಕ್ಕರೆ ಕೂತವೆ ಹೇಳು."

ತಿರುಗಿ ನೋಡಿದೆ. ಕೊಕ್ಕರೆ ಒಂದೂ ಇರಲಿಲ್ಲ. "ಚುಚ್ಚೋದಾದ್ರೆ ಚುಚ್ಚಿ ಅಜ್ಜಿ, ಯಾಕೆ ಆಟ ಆಡಿಸ್ತೀರಿ" ಎಂದೆ.

ತಿರುಗಿದೆ. ಮುಳ್ಳು ಆಗಲೇ ಹೆಬ್ಬೆರಳಿನಲ್ಲಿ ನೆಟ್ಟಗೆ ನಿಂತಿತ್ತು.

ಅಜ್ಜಿ ಅದನ್ನು ಕಿತ್ತುಕೊಳ್ಳಲೂ ಇಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ಚುಚ್ಚಿದರೆ ಅರಿವಾಗದ ಚರ್ಮವೆಂದರೆ ನಮ್ಮ ಕಡೆ ಒಂದೇ ಅರ್ಥ: ದೊಡ್ಡ ರೋಗ, ಎಂದರೆ ಕುಷ್ಠ. ಆ ರೋಗ ಬಂದವರು ಚಿಂತಾಮಣಿ ರಸ್ತೆಯ ಮರದ ಕೆಳಗೆ ಡಬ್ಬ ಮುಂದಿಟ್ಟುಕೊಂಡು ಕೂತಿರುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅವರೂ ಯಾವುದೋ ಮನೆಯ ಜಗಲಿಯಿಂದಲೇ ಹೊರಟವರು ಎಂದು ಯೋಚಿಸಿದ್ದು ಅವತ್ತೇ ಮೊದಲು.

ಸಂಜೆಯೊಳಗೆ ಬೀದಿ ಬದಲಾಯಿತು. ನಮ್ಮ ಮನೆಯ ಮುಂದೆ ನಡೆಯುತ್ತಿದ್ದವರು ಎದುರು ಬದಿಗೆ ಸರಿದರು. ಕ್ಷೌರ ಮಾಡುವವರು "ನಾಳೆ ಬರ್ತೀನಿ" ಎಂದು ಹೋದವರು ಬರಲಿಲ್ಲ. ಅಪ್ಪ ನನ್ನನ್ನು ಶಿಡ್ಲಘಟ್ಟದ ವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಹಿಮ ಕಚ್ಚಿದೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಲ್ಲಿ ನೋಡ್ತಿರೋದು ಇದೇ ಮೊದಲು" ಎಂದರು. ಆಮೇಲೆ ಕೈ ತೊಳೆದುಕೊಂಡರು. ಸೋಪು ಹಚ್ಚಿ ಇನ್ನೊಮ್ಮೆ ತೊಳೆದುಕೊಂಡರು. ಎಲ್ಲ ರೋಗಿಗಳನ್ನು ನೋಡಿದಾಗಲೂ ಎರಡು ಸಲ ತೊಳೆಯುತ್ತಾರೋ ಎಂದು ನಾನು ಬಾಗಿಲಲ್ಲಿ ನಿಂತು ಮುಂದಿನ ರೋಗಿ ಬರುವ ತನಕ ಕಾದೆ. ಒಂದೇ ಸಲ ತೊಳೆದರು.

ವೈದ್ಯರ ಮಾತನ್ನು ಅಪ್ಪ ಬೀದಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಅಜ್ಜಿ ತಮ್ಮ ಜಗಲಿಯಿಂದಲೇ ನಕ್ಕರು. "ಚಳಿಗೆ ಬೆರಳು ಕರ್ರಗಾಗ್ತದಾ? ಹಂಗಿದ್ರೆ ಧನುರ್ಮಾಸದಲ್ಲಿ ಬೆಳಗಿನ ಜಾವ ತಣ್ಣೀರು ಹುಯ್ಕೊಂಡು ಪೂಜೆ ಮಾಡೋ ನಮಗೆ ಒಂದು ಬೆರಳಾದ್ರೂ ಉಳೀತಿತ್ತಾ?"

ಅಪ್ಪನಿಗೆ ರೇಗಿತು. ಮಾರನೆಯ ದಿನ ಚಿಕ್ಕಬಳ್ಳಾಪುರಕ್ಕೆ ಹೋಗಿ, ಸೋಡಾ ಅಂಗಡಿಯಲ್ಲಿ ಐಸಿನ ಗಡ್ಡೆಯೊಂದನ್ನು ಕೊಂಡು, ಹೊಟ್ಟು ತುಂಬಿದ ಗೋಣಿಚೀಲದಲ್ಲಿಟ್ಟು ಬಸ್ಸಿನಲ್ಲಿ ತಂದರು. ಬಸ್ಸಿನುದ್ದಕ್ಕೂ ಚೀಲ ತೊಟ್ಟಿಕ್ಕಿ, ಕಂಡಕ್ಟರ್ ಮೀನು ಎಂದು ಜಗಳ ತೆಗೆದನಂತೆ. ಬರುವ ಹೊತ್ತಿಗೆ ಗಡ್ಡೆ ಇಟ್ಟಿಗೆಯಷ್ಟು ಉಳಿದಿತ್ತು. ಹುಣಸೆ ಮರದ ಕೆಳಗೆ ಚೀಲ ಬಿಚ್ಚಿದಾಗ ಅರ್ಧ ಬೀದಿ ದೂರದಲ್ಲಿ ಬಂದು ನಿಂತಿತು.

"ಹಿಡ್ಕಳ್ಳಮ್ಮ" ಎಂದರು ಅಪ್ಪ ಅಜ್ಜಿಗೆ. "ಮುಷ್ಟೀಲಿ ಹಿಡ್ಕೊಂಡು ಕೂತ್ಕೋ. ಬಿಟ್ರೆ ನೀನು ಸೋತಂಗೆ."

ಅಜ್ಜಿ ಸೋಲುವವರಲ್ಲ. ತುಂಡೊಂದನ್ನು ಹಿಡಿದರು. "ಅಬ್ಬಬ್ಬ, ಇದು ಸುಡ್ತದಲ್ಲೋ!" ಎಂದು ಕೂಗಿದರೂ ಬಿಡಲಿಲ್ಲ. ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ. ಕೊನೆಗೆ ಬೆರಳೆಲ್ಲ ಮರಗಟ್ಟಿದ ಮೇಲೆ ಬಿಟ್ಟರು. ತಾವೇ ಇನ್ನೊಂದು ಜಾಲಿ ಮುಳ್ಳು ತೆಗೆದು ತಮ್ಮ ಬೆರಳಿಗೆ ಚುಚ್ಚಿಕೊಂಡರು. ಮುಖದ ಮೇಲೆ ಏನೂ ಆಗಲಿಲ್ಲ. ನಿಂತವರು ಗುಸುಗುಸು ಎಂದರು. ನನಗೆ ಉಸಿರು ಬಂದಂತಾಯಿತು. ಕಾಲೇಜಿನಲ್ಲಿ ಮಾಡಿದ ಯಾವ ಪ್ರಯೋಗವೂ ಇಷ್ಟು ಚೆನ್ನಾಗಿ ಆಗಿರಲಿಲ್ಲ.

ಅಜ್ಜಿ ಕೈಯನ್ನು ಬಿಸಿಲಿಗೆ ಹಿಡಿದು ಕೂತರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಚುಚ್ಚಿಕೊಂಡರು. "ಆಯ್!" ಎಂದು ಕೈ ಕೊಡವಿದರು. ನನ್ನ ಕಡೆ ತಿರುಗಿ ಕೇಳಿದರು:

"ನಂದು ಬಿಸಿಲಿಗೆ ಸರಿಹೋಯ್ತು. ನೀನು ಊರಿಗೆ ಬಂದು ಎಷ್ಟು ದಿನ ಬಿಸಿಲಲ್ಲಿ ಕೂತಿದೀಯ? ನಿಂದು ಯಾಕೆ ಸರಿಹೋಗಲಿಲ್ಲ?"

ಪ್ರಶ್ನೆ ಸರಿಯಾಗಿಯೇ ಇತ್ತು. ಬೆರಳಿನೊಳಗೆ ಜೀವವಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಚಳಿ ಎಂದು ನಾನು ಹೇಳುತ್ತಿದ್ದೆನಷ್ಟೆ. ಮೂರು ಕಪ್ಪು ಬೆರಳನ್ನು ಒಂಟಿಯಾಗಿ ನೋಡುತ್ತ ಕೂತಾಗ, ಇದು ನಿಜಕ್ಕೂ ಚಳಿಯೇನಾ ಎಂದು ನನಗೂ ಅನ್ನಿಸತೊಡಗಿತ್ತು.

ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳ ಮೇವು ಶುರುವಾಯಿತು. ಗೊತ್ತಿದ್ದವರಿಗೆ ಗೊತ್ತು, ಆ ವಾರ ಹುಳದ ಮನೆಯೊಳಗೆ ಮಳೆ ಸುರಿದಂತೆ ಸದ್ದು ಕೇಳುತ್ತದೆ. ಸಾವಿರಾರು ಸಣ್ಣ ಬಾಯಿಗಳು ಸೊಪ್ಪು ಕತ್ತರಿಸುವ ಸದ್ದು. ಚಿಕ್ಕಂದಿನಲ್ಲಿ ನನಗೆ ಅದೇ ಜೋಗುಳ. ಈಗ ಜಗಲಿಯಲ್ಲಿ ಮಲಗಿದವನಿಗೆ ಗೋಡೆಯ ಆ ಕಡೆಯಿಂದ ಕೇಳುತ್ತಿದ್ದುದು ಹಗ್ಗ. ಗಟ್ಟಿ ಹಿಮದ ಮೇಲೆ ಸರಸರ ಸರಿಯುವ ಹಗ್ಗ. ಕಣ್ಣು ಮುಚ್ಚಿದರೆ ಕಾಲ ಕೆಳಗಿನ ನೆಲ ಹೋಗುತ್ತಿತ್ತು. ನಿದ್ದೆ ಹತ್ತುವುದು, ಬೀಳುವುದು, ಎದ್ದು ಕೂರುವುದು. ಊರಿಗೆ ಬಂದಾಗಿನಿಂದ ಇದ್ದದ್ದೇ, ಆದರೆ ಆ ವಾರ ಕೂತೇ ಬೆಳಗು ಮಾಡಿದೆ.

ಬೆಳಗಿನ ಸೊಪ್ಪು ಹಾಕಿ ಹೊರಗೆ ಬಂದ ಅಮ್ಮ ಒಂದು ದಿನ ಕೇಳಿದಳು, "ಗೋಡೆಗೆ ಕಿವಿ ಇಟ್ಕೊಂಡು ಏನೋ ಕೇಳ್ತಿದ್ದೀಯ?"

ಹಗ್ಗದ ವಿಷಯ ಹೇಳಿದೆ. ಮೊದಲು ಸದ್ದು, ಆಮೇಲೆ ಬಿದ್ದದ್ದು. ಕನ್ನಡಕದ ವಿಷಯವೂ.

"ಅವನನ್ನ ಕೇಳಿದ್ಯೇನು?"

"ಕೇಳಿದ್ರೆ ಇಲ್ಲ ಅಂತಾನೆ."

"ನೀನೂ ದಿನಾ ಇಲ್ಲ ಇಲ್ಲ ಅಂತಿದೀಯ. ಯಾರು ನಂಬಿದ್ರು?"

"ನೀನು ನಂಬಿದ್ಯಾ?" ಎಂದೆ.

ಅಮ್ಮ ಖಾಲಿ ಸೊಪ್ಪಿನ ಬುಟ್ಟಿ ತೆಗೆದುಕೊಂಡು ತೋಟಕ್ಕೆ ಹೋದಳು.

ಹುಳು ಹಣ್ಣಾದ ದಿನ ಬಿಸಿಲೇರುವ ಮುಂಚೆಯೇ ಅಮ್ಮ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. ಮೈ ಪಾರದರ್ಶಕವಾಗಿ ಹೊಂಬಣ್ಣಕ್ಕೆ ತಿರುಗಿತ್ತು. ಅಪ್ಪ ಬೀದಿಗೆ ಕರೆ ಹೇಳಲು ಹೋದರು. ಬೇಗನೆ ಹಿಂತಿರುಗಿದರು. ಒಬ್ಬರ ಸೊಸೆಗೆ ಮೈ ಹುಷಾರಿಲ್ಲ, ಇನ್ನೊಬ್ಬರು ಗೌರಿಬಿದನೂರಿಗೆ ನೆಂಟರ ಮನೆಗೆ ಹೊರಟಿದ್ದಾರೆ, ಮತ್ತೊಬ್ಬರು ಬಾಗಿಲೇ ತೆಗೆಯಲಿಲ್ಲ. ಅಜ್ಜಿ ಮಾತ್ರ ಮುಚ್ಚುಮರೆಯಿಲ್ಲದೆ, "ನಿನ್ನ ಮಗನ್ನ ಎಲ್ಲಾದ್ರೂ ಕಳ್ಸು, ಬರ್ತೀವಿ" ಎಂದಿದ್ದರು.

ಒಳಗೆ ಹುಳುಗಳು ಆಗಲೇ ತಟ್ಟೆಯ ಅಂಚಿಗೆ ಹತ್ತಿ ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಅಮ್ಮ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಕಳಿಸುತ್ತಾಳೆ ಎಂದೇ ನಾನು ಅಂದುಕೊಂಡೆ. ಟ್ರಂಕು ಎಲ್ಲಿದೆ ಎಂದು ಯೋಚಿಸಿದ್ದು ನೆನಪಿದೆ.

"ಕೈಕಾಲು ಬಿಸಿನೀರಲ್ಲಿ ಚೆನ್ನಾಗಿ ತೊಳ್ಕೊಂಡು ಒಳಗೆ ಬಾ" ಎಂದಳು. "ಆ ಮುಲಾಮು ಒಂಚೂರೂ ಇರಕೂಡದು."

ಬಚ್ಚಲಲ್ಲಿ ಕೂತು ಸೀಗೆಪುಡಿ ಹಾಕಿ ಉಜ್ಜಿದೆ. ಹೆಬ್ಬೆರಳಿನ ಕಪ್ಪು ಚರ್ಮ ಕೆಲವು ದಿನದಿಂದ ಅಂಚಿನಲ್ಲಿ ಬಿರಿದಿತ್ತು. ಬೆರಳು ಹಾಕಿ ಒತ್ತಿದ್ದೇ ತಡ, ಹುರಿದ ಹುಣಸೆ ಬೀಜದ ಸಿಪ್ಪೆಯಂತೆ ಇಡಿಯಾಗಿ ಕಳಚಿ ಬಂತು. ಅಡಿಯಲ್ಲಿ ಎಳೆ ಮಗುವಿನ ಬೆರಳಿನಂಥ ಗುಲಾಬಿ ಚರ್ಮ. ಅದರ ಮೇಲೆ ಬಿಸಿನೀರು ಬಿತ್ತು. ನಾನು ಕಿರುಚಿದ ಸದ್ದಿಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗಿತು.

"ಏನಾಯ್ತೇ?" ಎಂದು ಗೋಡೆಯ ಆಚೆಯಿಂದ ಅಜ್ಜಿ. ಉತ್ತರಕ್ಕೆ ಕಾಯದೆ ಬಂದೇಬಿಟ್ಟರು. ಕಾಲು ನೋಡಿದರು. ಕಲ್ಲಿನ ಮೇಲೆ ಬಿದ್ದಿದ್ದ ಕಪ್ಪು ಸಿಪ್ಪೆಯನ್ನು ಕಡ್ಡಿಯಿಂದ ಹೊರಳಿಸಿ ನೋಡಿದರು. ಆಮೇಲೆ ಸೆರಗಿನ ತುದಿಯ ಗಂಟಿನಿಂದ ಮುಳ್ಳು ತೆಗೆದರು. ಐಸಿನ ದಿನದಿಂದಲೂ ಅದನ್ನು ಇಟ್ಟುಕೊಂಡೇ ಇದ್ದರು.

"ಆ ಕಡೆ ತಿರುಕ್ಕೋ."

"ತಿರುಗಲ್ಲ ಅಜ್ಜಿ, ಬೇಡಿ, ನೋಯ್ತ…"

ಚುಚ್ಚಿದರು. ನಾನು ಬಾಯಿಗೆ ಬಂದದ್ದನ್ನು ಅಂದೆ. ಹಿರಿಯರಿಗೆ ಅನ್ನಬಾರದ್ದು, ಅದೂ ಅವರದೇ ತೆಲುಗಿನಲ್ಲಿ. ಬಾಗಿಲಲ್ಲಿ ಅಪ್ಪ ಕೆಮ್ಮಿದರು.

ಅಜ್ಜಿ ಮುಳ್ಳನ್ನು ಬಚ್ಚಲ ಗುಂಡಿಗೆ ಎಸೆದರು. "ದೊಡ್ಡ ರೋಗದೋರಿಗೆ ಇಷ್ಟು ದೊಡ್ಡ ಬಾಯಿ ಇರಲ್ಲ" ಎಂದು, ಅಮ್ಮನಿಗೆ, "ಪೊರೆ ಬಿಟ್ಟಿದಾನೆ ಕಣೇ ನಿನ್ನ ಮಗ. ಸೊಪ್ಪು ಹಾಕು" ಎಂದರು. ಬೀದಿಗೆ ಹೋಗಿ ನಿಂತು ಕೂಗಿದರು, "ಬರ್ರೇ ಎಲ್ಲ! ಹುಳ ಕಾಯ್ತವಾ? ಹುಷಾರಿಲ್ಲದೋರೂ ಬರ್ರಿ, ಗೌರಿಬಿದನೂರಿನೋರೂ ಬರ್ರಿ!"

ಎಲ್ಲರೂ ಬರಲಿಲ್ಲ. ಎರಡು ಮನೆಯವರು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಬಂದವರಲ್ಲಿ ಒಬ್ಬಾಕೆ ದಿನವಿಡೀ ಸೆರಗನ್ನು ಮೂಗಿನಿಂದ ಇಳಿಸಲಿಲ್ಲ. ಆದರೆ ಕೈ ಸಾಕಾದವು. ನಾನು ಒಂದು ಮೂಲೆಯಲ್ಲಿ ಕೂತು ಬಲಗೈಯಿಂದ ಆರಿಸಿದೆ. ಎಡಗೈಯ ಬೆರಳಿಗೆ ಹುಳು ತಾಗಿದ್ದು ಇನ್ನೂ ತಿಳಿಯುತ್ತಿರಲಿಲ್ಲ. ಹುಳುಗಳನ್ನು ಬಿಟ್ಟ ಚಂದ್ರಂಕಿಗಳನ್ನು ಅಪ್ಪ ಒಂದೊಂದಾಗಿ ಚಪ್ಪರದ ನೆರಳಿಗೆ ಒರಗಿಸುತ್ತ ಹೋದರು. ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು.

ಹೆಂಗಸರು ಹೊರಟ ಮೇಲೆ ಅಮ್ಮ ಹುಳದ ತಟ್ಟೆಗಳನ್ನು ಕೊಡವುತ್ತಿದ್ದಳು. ನಾನು ಜಗಲಿಯಲ್ಲಿ ಕೂತಿದ್ದೆ. ಸರಸರ ಕೇಳಿಸಿತು.

"ಒಳಗೆ ಇನ್ನೂ ಮೇಯ್ತಿವೆಯಲ್ಲಮ್ಮ, ಬಿಟ್ಟಿದೀರ ಕೆಲವನ್ನ" ಎಂದೆ.

"ಎಲ್ಲಿ ಮೇಯ್ತವೆ? ತಟ್ಟೆಯೆಲ್ಲ ಖಾಲಿ ಕಣೋ. ಬಂದು ನೋಡು."

ಹೋಗಿ ನೋಡಿದೆ. ಹುಳದ ಮನೆಯಲ್ಲಿ ಒಂದು ಹುಳುವೂ ಇರಲಿಲ್ಲ. ಗೂಡು ಕಟ್ಟುವ ಹುಳು ಸದ್ದು ಮಾಡುವುದಿಲ್ಲ. ಆದರೂ ನನ್ನ ಕಿವಿಯಲ್ಲಿ ಸರಸರ ಇತ್ತು, ನಾನು ಬಾಗಿಲಲ್ಲಿ ನಿಂತಿದ್ದಾಗಲೂ ಸ್ವಲ್ಪ ಹೊತ್ತು ಇದ್ದು, ಆಮೇಲೆ ನಿಂತಿತು.

ಇಲ್ಲದ ಸದ್ದನ್ನು ಕೇಳುವ ಕಿವಿ ಇದು. ಹತ್ತು ಇಪ್ಪತ್ತಕ್ಕೆ ಅದು ಕೇಳಿದ್ದು ಬೀಳುವ ಮೊದಲೋ, ಬೀಳುವಾಗಲೋ? ಅಷ್ಟು ದಿನ ನಾನು ಆ ಸರ್ವೇಯರ್‌ನ ಅಂಗೈಯನ್ನು ಮತ್ತೆ ಮತ್ತೆ ನೋಡಿದ್ದೆ, ನನ್ನ ಕಿವಿಯ ಮಾತನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ಅವನು ಹಗ್ಗ ಬಿಟ್ಟಿದ್ದನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಇವತ್ತಿಗೂ ಹಗ್ಗ ಹಿಡಿದು ಹಿಂದೆ ಯಾರಾದರೂ ನಿಂತರೆ ತಿರುಗಿ ತಿರುಗಿ ನೋಡುತ್ತೇನೆ.

ಅಮ್ಮ ಊಟಕ್ಕೆ ಕರೆದಳು. ಒಳಗೆ, ಅಪ್ಪನ ಪಕ್ಕದಲ್ಲಿ ಮಣೆ ಹಾಕಿದ್ದಳು. ತಟ್ಟೆ ಮಾತ್ರ ಅದೇ ಅಲ್ಯೂಮಿನಿಯಂದು. ನಾನು ಅದನ್ನು ನೋಡಿದೆ. "ಕೈಗೆ ಸಿಕ್ತು, ತಂದೆ" ಎಂದಳು. ಇರಬಹುದು, ಇಲ್ಲದಿರಬಹುದು. ಬಿಸಿ ಮುದ್ದೆ ಮುರಿದೆ.

ಅವತ್ತು ಜಗಲಿಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದವನಿಗೆ ಎಚ್ಚರವಾದಾಗ ಮುಖದ ಮೇಲೆ ಬಿಸಿಲು ಬಿದ್ದಿತ್ತು, ಅಮ್ಮ ನನ್ನ ಸುತ್ತ ಕಸ ಗುಡಿಸಿ ಮುಗಿಸಿದ್ದಳು.